ಸ್ಟ್ಯಾಟಿನ್ ಮಾತ್ರೆ, ತೊಡೆಯ ನೋವು ಮತ್ತು ಕೆಂಪು ಬೀಜದ ಎಣ್ಣೆ

ಕಳೆದ ವರ್ಷ ರಮಝಾನ್ ತಿಂಗಳಿಗೆ ಸ್ವಲ್ಪ ಮುಂಚೆ ನನ್ನ ಮಾಮು ಮಸೀದಿಯಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡತೊಡಗಿದರು. ವಯಸ್ಸು ಅರವತ್ತೆರಡು. ಅದಕ್ಕೂ ಮೂರು ವರ್ಷಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಏನಾಯಿತು ಎಂದು ಕೇಳಿದೆ.

"ಸಜ್ದಾದಿಂದ ಏಳುವಾಗ ಎರಡೂ ತೊಡೆ ಹಿಡಿದುಕೊಳ್ಳುತ್ತವೆ ಬೇಟಾ. ಮೆಟ್ಟಿಲು ಹತ್ತಿದರೂ ಅದೇ. ಕೊಲೆಸ್ಟರಾಲಿನ ಗುಳಿಗೆಯಿಂದ ಹೀಗಾಗುತ್ತದಂತೆ. ಅದಕ್ಕೇ ಬಿಟ್ಟುಬಿಟ್ಟೆ."

"ಬಿಟ್ಟು ಎಷ್ಟು ದಿನ ಆಯಿತು ಮಾಮು?"

"ಎರಡು ತಿಂಗಳು ಆಗಿರಬೇಕು."

ಮಾಮಿ ಒಳಗಿನಿಂದ ಒಂದು ಬಾಟಲಿ ತಂದು ನನ್ನ ಕೈಗಿಟ್ಟರು. ಗಲ್ಫಿನಿಂದ ರಜೆಗೆ ಬಂದಿದ್ದ ಪರಿಚಯದ ಹುಡುಗನೊಬ್ಬ ಕೊಟ್ಟದ್ದು. ಒಳಗೆ ಕೆಂಪಗೆ ಹೊಳೆಯುವ ಮೆತ್ತನೆಯ ಕ್ಯಾಪ್ಸೂಲ್‌ಗಳು. ಅನಾಟೊ ಬೀಜದಿಂದ ತೆಗೆದ ಸಾರ ಎಂದು ಚೀಟಿಯ ಮೇಲೆ ಬರೆದಿತ್ತು. "ಗುಳಿಗೆ ತಿಂದು ಕಾಲು ನೋವು ಬಂದವರಿಗೆ ಇದು ಬಹಳ ಒಳ್ಳೆಯದಂತೆ. ಗಿಡದ್ದು ನೋಡು, ಏನೂ ತೊಂದರೆಯಿಲ್ಲ" ಎಂದರು ಮಾಮಿ.

ನೋವು ಸುಳ್ಳಾಗಿರಲಿಲ್ಲ. ಮಾಮು ಸುಳ್ಳು ಹೇಳುವವರೂ ಅಲ್ಲ. ಆದರೆ ನನ್ನನ್ನು ಹೆದರಿಸಿದ್ದು ನೋವಿಗಿಂತ ಆ ಎರಡು ತಿಂಗಳು. ಸ್ಟೆಂಟ್ ಇರುವ ಮನುಷ್ಯ ಯಾರನ್ನೂ ಕೇಳದೆ ಸ್ಟ್ಯಾಟಿನ್ ಬಿಟ್ಟಿದ್ದರು. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಿದೆ. ಹಾಗಾಗಿ ಈ ಸಲ ಆ ನೋವಿನ ಬಗ್ಗೆ, ಆ ಕೆಂಪು ಬೀಜದ ಬಗ್ಗೆ, ಮತ್ತು ಇಂಥ ವಸ್ತು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಬಗೆಯ ಕುರಿತು ಬರೆಯುತ್ತಿದ್ದೇನೆ.

ಮೊದಲು ಮಾತ್ರೆಯ ವಿಷಯ. ಸ್ಟ್ಯಾಟಿನ್ ಹುಟ್ಟಿದ್ದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಟೋಕಿಯೊದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಸಾವಿರಾರು ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುವ ವಸ್ತುವನ್ನು ಕಂಡುಕೊಂಡರು. 1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ ಅದನ್ನು, ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತವಾಗಿದ್ದ ಒಬ್ಬ ಯುವತಿಗೆ ಕೊಟ್ಟರು. ಕೊಲೆಸ್ಟರಾಲ್ ಇಳಿಯಿತು. ಆದರೆ ಆಕೆಯ ಸ್ನಾಯುಗಳು ಸೋತುಹೋದವು. ಔಷಧ ನಿಲ್ಲಿಸಿದಾಗ ಸರಿಹೋದವು. ಪ್ರಮಾಣ ತಗ್ಗಿಸಿ ಮತ್ತೆ ಕೊಟ್ಟರು. ಅಂದರೆ ಸ್ನಾಯುವಿನ ತೊಂದರೆ ನಿನ್ನೆ ಮೊನ್ನೆ ಯಾರೋ ಹಬ್ಬಿಸಿದ ಗಾಳಿಮಾತಲ್ಲ. ಈ ಔಷಧ ಸೇವಿಸಿದ ಮೊದಲ ರೋಗಿಗಳಲ್ಲೇ ಅದು ಕಂಡಿತ್ತು. ಸ್ಟ್ಯಾಟಿನ್ ವರ್ಗದ ಮೊದಲ ಔಷಧ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದೇ ವರ್ಗದ ಸೆರಿವಾಸ್ಟಾಟಿನ್ ಎಂಬ ಮಾತ್ರೆಯಿಂದ ಸ್ನಾಯುಗಳು ಕರಗಿ, ಮೂತ್ರಪಿಂಡ ಕೆಟ್ಟು ಸಾವುಗಳಾದಾಗ 2001ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು.

ಹಾಗಾದರೆ ಇಂದು ನಾವು ತಿನ್ನುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳೂ ಅಷ್ಟೇ ಅಪಾಯಕಾರಿಯೇ? ಅಲ್ಲ. ಹತ್ತು ಸಾವಿರ ಜನ ಐದು ವರ್ಷ ಸೇವಿಸಿದರೆ ಗಂಭೀರ ಸ್ನಾಯುರೋಗ ಬರುವುದು ಸುಮಾರು ಐದು ಮಂದಿಗೆ. ಅದೇ ಹತ್ತು ಸಾವಿರ ಜನ ಮಾಮುವಿನಂತೆ ಮೊದಲೇ ಹೃದ್ರೋಗ ಇದ್ದವರಾಗಿ, ಕೆಟ್ಟ ಕೊಲೆಸ್ಟರಾಲ್ ಚೆನ್ನಾಗಿ ಇಳಿದರೆ, ಸುಮಾರು ಒಂದು ಸಾವಿರ ಮಂದಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಹೊಡೆತದಿಂದ ಪಾರಾಗುತ್ತಾರೆ. ಈ ಎರಡು ಸಂಖ್ಯೆಗಳನ್ನು ಮಾಮುವಿನ ಮುಂದೆ ಇಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಿದ್ದರೆ ನನ್ನ ತೊಡೆ ಯಾಕೆ ನೋಯುತ್ತದೆ?"

ಪ್ರಶ್ನೆ ನ್ಯಾಯವಾದದ್ದೇ. ಗಂಭೀರ ಸ್ನಾಯುರೋಗ ಬೇರೆ, ದಿನನಿತ್ಯದ ನೋವು, ಸೆಳೆತ, ಆಯಾಸ ಬೇರೆ. ಈ ಎರಡನೆಯದನ್ನು ಹೇಳಿಕೊಳ್ಳುವವರು ಬಹಳ. ಅದರ ಕಾರಣ ಹುಡುಕಲು ವಿಜ್ಞಾನಿಗಳು ಮಾಡಿದ ಕೆಲಸ ಸ್ವಾರಸ್ಯಕರವಾಗಿದೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು, ಸ್ಟ್ಯಾಟಿನ್ ತಿಂದು ಎರಡು ವಾರದೊಳಗೆ ತೊಂದರೆಯಾಯಿತೆಂದು ಬಿಟ್ಟಿದ್ದ 60 ಜನರನ್ನು ಆರಿಸಿಕೊಂಡರು. ಒಬ್ಬೊಬ್ಬರಿಗೂ ಹನ್ನೆರಡು ಬಾಟಲಿ, ತಿಂಗಳಿಗೊಂದರಂತೆ. ನಾಲ್ಕರಲ್ಲಿ ನಿಜವಾದ ಅಟೋರ್ವಾಸ್ಟಾಟಿನ್, ನಾಲ್ಕರಲ್ಲಿ ನೋಡಲು ಹಾಗೇ ಇರುವ ಆದರೆ ಔಷಧವಿಲ್ಲದ ಹುಸಿ ಮಾತ್ರೆ, ಉಳಿದ ನಾಲ್ಕು ಖಾಲಿ. ಮಾತ್ರೆಯಿರುವ ಎಂಟು ಬಾಟಲಿಗಳಲ್ಲಿ ಯಾವುದು ಅಸಲಿ, ಯಾವುದು ಹುಸಿ ಎಂದು ತಿನ್ನುವವರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ಪ್ರತಿದಿನ ತಮ್ಮ ಕಷ್ಟಕ್ಕೆ ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಟ್ಟು ಮೊಬೈಲಿನಲ್ಲಿ ದಾಖಲಿಸಬೇಕು.

2020ರಲ್ಲಿ ಫಲಿತಾಂಶ ಬಂತು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ ಅಂಕ 8. ಸ್ಟ್ಯಾಟಿನ್ ತಿಂದ ತಿಂಗಳುಗಳಲ್ಲಿ 16.3. ಹುಸಿ ಮಾತ್ರೆ ತಿಂದ ತಿಂಗಳುಗಳಲ್ಲಿ? 15.4.

ಇದನ್ನು ಎರಡು ಸಲ ಓದಿ. ಮಾತ್ರೆ ತಿಂದಾಗ ಕಷ್ಟ ಹೆಚ್ಚಾದದ್ದು ನಿಜ. ಆದರೆ ಆ ಹೆಚ್ಚಳದ ಹತ್ತರಲ್ಲಿ ಒಂಬತ್ತು ಪಾಲು ಔಷಧವೇ ಇಲ್ಲದ ಮಾತ್ರೆಯಿಂದಲೂ ಬಂತು. ಇದು ನಾಟಕವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ನೋವು ಬರುತ್ತದೆಂದು ಕಾಯುವ ಮೈ ನೋವನ್ನು ಹುಡುಕಿಕೊಳ್ಳುತ್ತದೆ. ಐವತ್ತು ದಾಟಿದ ಮೈಯಲ್ಲಿ ಹುಡುಕಿದರೆ ಎಲ್ಲಾದರೂ ಒಂದು ನೋವು ಸಿಕ್ಕೇ ಸಿಗುತ್ತದೆ. ಮೊದಲಾದರೆ ಅದನ್ನು ವಯಸ್ಸಿನ ಮೇಲೆ ಹಾಕುತ್ತಿದ್ದೆವು, ಈಗ ಮಾತ್ರೆಯ ಮೇಲೆ ಹಾಕುತ್ತೇವೆ. ತಮ್ಮದೇ ಅಂಕಪಟ್ಟಿ ನೋಡಿದ ಮೇಲೆ ಆ 60 ಮಂದಿಯಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು.

2022ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಇನ್ನೂ ದೊಡ್ಡ ಲೆಕ್ಕ ಮಾಡಿದರು. ಹುಸಿ ಮಾತ್ರೆಯ ಜೊತೆ ಹೋಲಿಸಿ ನಡೆಸಿದ 19 ಪರೀಕ್ಷೆಗಳ ಸುಮಾರು 1,24,000 ಜನರ ವಿವರಗಳನ್ನು ಒಟ್ಟುಗೂಡಿಸಿದರು. ಸ್ಟ್ಯಾಟಿನ್ ತಿಂದವರಲ್ಲಿ ಸ್ನಾಯು ನೋವು ಅಥವಾ ನಿಶ್ಶಕ್ತಿ ಹೇಳಿಕೊಂಡವರು ಶೇ. 27.1. ಹುಸಿ ಮಾತ್ರೆ ತಿಂದವರಲ್ಲಿ ಶೇ. 26.6. ಆದರೆ ಇಲ್ಲೊಂದು ಮಾತನ್ನು ಬಿಡಬಾರದು. ಮೊದಲ ವರ್ಷದಲ್ಲಿ ಸ್ಟ್ಯಾಟಿನ್ ಗುಂಪಿನಲ್ಲಿ ನೋವು ಸ್ವಲ್ಪ ಹೆಚ್ಚೇ ಇತ್ತು: ಸಾವಿರ ಜನರಲ್ಲಿ ಸುಮಾರು ಹನ್ನೊಂದು ಮಂದಿಯಷ್ಟು. ಆ ಹನ್ನೊಂದು ಮಂದಿಗೆ ಬಂದದ್ದು ಮಾತ್ರೆಯದ್ದೇ ನೋವು. "ಎಲ್ಲಾ ನಿಮ್ಮ ಭ್ರಮೆ" ಎಂದು ಕೈತೊಳೆದುಕೊಳ್ಳುವ ವೈದ್ಯರು ಈ ಹನ್ನೊಂದು ಮಂದಿಯನ್ನು ಮರೆಯುತ್ತಾರೆ. ಕ್ಯಾಪ್ಸೂಲ್ ಮಾರುವವರು ಉಳಿದ ಒಂಬೈನೂರ ಚಿಲ್ಲರೆ ಜನರನ್ನು ಮರೆಸುತ್ತಾರೆ.

ಈಗ ಆ ಕೆಂಪು ಬೀಜಕ್ಕೆ ಬರೋಣ.

ಅನಾಟೊ ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಗಿಡ. ನಮ್ಮಲ್ಲೂ ತೋಟದ ಬೇಲಿ, ಶಾಲೆಯ ಅಂಗಳಗಳಲ್ಲಿ ಬೆಳೆಯುತ್ತದೆ. ಹಿಂದಿಯಲ್ಲಿ ಸಿಂಧೂರಿ ಎನ್ನುತ್ತಾರೆ. ಹರಳುಕಾಯಿಯಂತೆ ಮೃದು ಮುಳ್ಳಿನ ಕಾಯಿ. ಒಡೆದರೆ ಒಳಗೆ ಕುಂಕುಮ ಬಳಿದಂತಹ ಬೀಜಗಳು, ಮುಟ್ಟಿದರೆ ಬೆರಳು ಕೆಂಪು. ನಿಮ್ಮ ಮನೆಯ ಬೆಣ್ಣೆಯ ಪೊಟ್ಟಣವನ್ನು ತಿರುಗಿಸಿ ನೋಡಿ. ಬಣ್ಣ 160 ಬಿ ಎಂದಿದ್ದರೆ ಬೆಣ್ಣೆಗೆ ಆ ಹಳದಿ ಕೊಟ್ಟದ್ದು ಇದೇ ಬೀಜ. ಬಣ್ಣವನ್ನು ಬೇರ್ಪಡಿಸಿದ ನಂತರ ಉಳಿಯುವ ಎಣ್ಣೆಯಂಥ ಅಂಶದಲ್ಲಿ ಜೆರಾನಿಲ್‌ಜೆರಾನಿಯಾಲ್ ಎಂಬ ವಸ್ತು ಇರುತ್ತದೆ. ಹೆಸರು ಉದ್ದ, ಜಿಜಿ ಎಂದು ಕರೆಯೋಣ. ಮಾಮುವಿನ ಬಾಟಲಿಯಲ್ಲಿ ಇದ್ದದ್ದು ಇದೇ.

ಈ ಜಿಜಿಗೂ ತೊಡೆ ನೋವಿಗೂ ಏನು ಸಂಬಂಧ? ಗದ್ದೆಗೆ ನೀರು ಹರಿಸುವ ಕಾಲುವೆಯನ್ನು ನೆನೆಯಿರಿ. ನಮ್ಮ ಜೀವಕೋಶಗಳಲ್ಲಿ ಕೊಲೆಸ್ಟರಾಲ್ ತಯಾರಾಗುವ ದಾರಿ ಅಂಥ ಒಂದು ಕಾಲುವೆ. ಅದು ಮುಂದೆ ಹೋಗಿ ಕವಲೊಡೆಯುತ್ತದೆ. ದೊಡ್ಡ ಕವಲು ಕೊಲೆಸ್ಟರಾಲಿಗೆ. ಒಂದು ಸಣ್ಣ ಕವಲು ಕೋಎಂಜೈಮ್ ಕ್ಯೂ10 ಎಂಬ ವಸ್ತುವಿಗೆ, ಜೀವಕೋಶಗಳು ಶಕ್ತಿ ಉತ್ಪಾದಿಸಲು ಅದು ಬೇಕು. ಇನ್ನೊಂದು ಸಣ್ಣ ಕವಲು ಜಿಜಿಗೆ. ಸ್ನಾಯುಕೋಶದ ಕೆಲವು ಪ್ರೋಟೀನುಗಳು ತಮ್ಮ ಜಾಗದಲ್ಲಿ ನಿಲ್ಲಬೇಕಾದರೆ ಜಿಜಿಯ ಬಾಲವೊಂದು ಅವಕ್ಕೆ ಅಂಟಿಕೊಳ್ಳಬೇಕು, ದನವನ್ನು ಗೂಟಕ್ಕೆ ಕಟ್ಟುವ ಹಗ್ಗದ ಹಾಗೆ. ಸ್ಟ್ಯಾಟಿನ್ ಮಾಡುವುದೇನೆಂದರೆ, ಕಾಲುವೆಯ ತಲೆಯಲ್ಲೇ ಇರುವ ತೂಬನ್ನು ಬಿಗಿಯುವುದು. ಕೊಲೆಸ್ಟರಾಲಿನ ಗದ್ದೆಗೆ ನೀರು ಕಡಿಮೆಯಾಗುತ್ತದೆ, ಅದು ನಮಗೆ ಬೇಕಾದದ್ದೇ. ಆದರೆ ಕೆಳಗಿನ ಸಣ್ಣ ಕವಲುಗಳೂ ಬತ್ತಬಹುದು.

ಹಾಗಿದ್ದರೆ ಬತ್ತಿದ ಕವಲಿಗೆ ಕೊಡದಲ್ಲಿ ತಂದು ನೀರು ಹಾಕಿದರೆ? ತೂಬು ಬಿಗಿದೇ ಇರಲಿ, ಸ್ನಾಯುವಿಗೆ ಬೇಕಾದ್ದನ್ನು ಹೊರಗಿನಿಂದ ಕೊಡೋಣ. ಯೋಚನೆ ಚೆನ್ನಾಗಿದೆ. ಪ್ರಯೋಗಾಲಯದಲ್ಲಿ ಅದು ಫಲಿಸಿತು ಕೂಡ. 2009ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಸ್ನಾಯುಕೋಶಗಳಿಗೆ ಮತ್ತು ಜೀಬ್ರಾ ಮೀನಿನ ಭ್ರೂಣಗಳಿಗೆ ಸ್ಟ್ಯಾಟಿನ್ ಹಾಕಿ ಹಾನಿ ಮಾಡಿದರು. ಜೊತೆಗೆ ಜಿಜಿ ಹಾಕಿದಾಗ ಆ ಹಾನಿ ತಪ್ಪಿತು. ಬಾಟಲಿಯ ಜೊತೆ ಬರುವ ಕರಪತ್ರದ ಭರವಸೆಯೆಲ್ಲ ಇಂಥ ಪ್ರಯೋಗಗಳ ಮೇಲೆಯೇ ನಿಂತಿರುವುದು.

ಆದರೆ ಗಾಜಿನ ತಟ್ಟೆಯ ಜೀವಕೋಶಕ್ಕೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ, ಕಾಲು ನೋವೂ ಇಲ್ಲ. ನಾವು ನುಂಗಿದ ಕ್ಯಾಪ್ಸೂಲಿನಲ್ಲಿ ಎಷ್ಟು ಭಾಗ ಕರುಳು ದಾಟಿ, ಯಕೃತ್ತು ದಾಟಿ ತೊಡೆಯ ಸ್ನಾಯುವಿಗೆ ತಲುಪುತ್ತದೆ ಎಂಬುದನ್ನು ಮನುಷ್ಯರ ಮೇಲಿನ ಪರೀಕ್ಷೆಯೇ ಹೇಳಬೇಕು. ಮತ್ತು ಈ ಹಾದಿಯಲ್ಲಿ ನಾವು ಎರಡು ಸಲ ಎಡವಿದ್ದೇವೆ.

ಮೊದಲನೆಯದು ಇದೇ ಕಾಲುವೆಯ ಇನ್ನೊಂದು ಕವಲಾದ ಕೋಎಂಜೈಮ್ ಕ್ಯೂ10. ಇಂದಿಗೂ ಅನೇಕ ವೈದ್ಯರು ಇದನ್ನು ಬರೆಯುತ್ತಾರೆ, ಔಷಧದಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಸ್ಪತ್ರೆಯ ಬೆತ್ ಟೇಲರ್, ಪಾಲ್ ಥಾಂಪ್ಸನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಅವರ ಜಾಣತನ ಇದ್ದದ್ದು ಮೊದಲ ಹೆಜ್ಜೆಯಲ್ಲಿ. ನೋವು ಎಂದವರಿಗೆಲ್ಲ ನೇರವಾಗಿ ಕ್ಯೂ10 ಕೊಡಲಿಲ್ಲ. ಸ್ಟ್ಯಾಟಿನ್‌ನಿಂದ ಹಿಂದೆ ನೋವಾಗಿತ್ತು ಎಂದ 120 ಜನರಿಗೆ ಎಂಟು ವಾರ ಸಿಮ್ವಾಸ್ಟಾಟಿನ್, ಎಂಟು ವಾರ ಹುಸಿ ಮಾತ್ರೆ, ಯಾವುದು ಯಾವುದೆಂದು ತಿಳಿಸದೆ ಕೊಟ್ಟರು. ಸ್ಟ್ಯಾಟಿನ್ ತಿಂದಾಗ ಮಾತ್ರ ನೋವು ಬಂದವರು ನೂರಕ್ಕೆ ಸುಮಾರು 36 ಮಂದಿ. ಹುಸಿ ಮಾತ್ರೆ ತಿಂದಾಗ ಮಾತ್ರ ನೋವು ಬಂದವರು ನೂರಕ್ಕೆ 29! ಉಳಿದವರಲ್ಲಿ ಕೆಲವರಿಗೆ ಎರಡರಲ್ಲೂ ನೋವು, ಕೆಲವರಿಗೆ ಎರಡರಲ್ಲೂ ಇಲ್ಲ.

ಹೀಗೆ ನಿಜಕ್ಕೂ ಸ್ಟ್ಯಾಟಿನ್ ನೋವು ಇರುವವರನ್ನು ಜರಡಿ ಹಿಡಿದು, 41 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ದಿನಕ್ಕೆ 600 ಮಿಲಿಗ್ರಾಂ ಕ್ಯೂ10, ಇನ್ನೊಂದಕ್ಕೆ ಹುಸಿ ಮಾತ್ರೆ. ರಕ್ತದಲ್ಲಿ ಕ್ಯೂ10 ಏರಿತು. ನೋವು ಇಳಿಯಲಿಲ್ಲ. ಕೊಡದ ನೀರು ಹೊಲದ ಬದುವಿನವರೆಗೆ ಬಂತು, ಬೆಳೆಗೆ ಉಪಯೋಗವಾಗಲಿಲ್ಲ.

ಎರಡನೆಯದು ವಿಟಮಿನ್ ಡಿ. ಇದರ ಬಗ್ಗೆ ಆರಂಭದ ವರದಿಗಳು ಆಸೆ ಹುಟ್ಟಿಸುವಂತಿದ್ದವು. ಡಿ ಕಡಿಮೆ ಇದ್ದ ರೋಗಿಗಳಿಗೆ ವೈದ್ಯರು ಡಿ ಕೊಟ್ಟರು, ಬಹುಪಾಲು ರೋಗಿಗಳು ನೋವು ಹೋಯಿತೆಂದರು. ಆದರೆ ಅಲ್ಲಿ ಹುಸಿ ಮಾತ್ರೆಯ ಗುಂಪು ಇರಲಿಲ್ಲ. ಅಮೆರಿಕದಲ್ಲಿ ವಿಟಮಿನ್ ಡಿ ಬಗ್ಗೆ ನಡೆದ ಒಂದು ದೊಡ್ಡ ಪರೀಕ್ಷೆಯ ನಡುವೆ 2,083 ಮಂದಿ ಹೊಸದಾಗಿ ಸ್ಟ್ಯಾಟಿನ್ ಶುರುಮಾಡಿದ್ದರು. ಅವರನ್ನು ವಿಚಾರಿಸಿದಾಗ ಡಿ ತಿಂದವರಲ್ಲಿ ಶೇ. 31 ಜನರಿಗೆ ಸ್ನಾಯು ನೋವು, ಹುಸಿ ಮಾತ್ರೆ ತಿಂದವರಲ್ಲೂ ಶೇ. 31. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. (ಬುರ್ಖಾ ಧರಿಸುವ, ಮನೆಯೊಳಗೇ ಹೆಚ್ಚು ಇರುವ ನಮ್ಮ ಹೆಣ್ಣುಮಕ್ಕಳಲ್ಲಿ ಡಿ ಕೊರತೆ ಇದ್ದರೆ ಪರೀಕ್ಷಿಸಿ ಸರಿಪಡಿಸಿಕೊಳ್ಳಲೇಬೇಕು. ಕೊರತೆಯೇ ಮೈಕೈ ನೋವು ತರುತ್ತದೆ. ಅದು ಬೇರೆ ಮಾತು.)

ಈಗ ನೀವೇ ಹೇಳಿ, ಜಿಜಿಯನ್ನು ಹೇಗೆ ಪರೀಕ್ಷಿಸಬೇಕು? ಕ್ಯಾಪ್ಸೂಲ್ ತಿಂದ ಹತ್ತು ಜನರಲ್ಲಿ ಏಳು ಜನ "ಚೆನ್ನಾಗಿದೆ" ಎಂದರೆ ಸಾಲದು. ಹುಸಿ ಮಾತ್ರೆಯಿಂದ ನೋವು ಬರಬಹುದಾದರೆ ಹುಸಿ ಕ್ಯಾಪ್ಸೂಲಿನಿಂದ ನೋವು ಹೋಗಲೂಬಹುದು. ಅದರಲ್ಲೂ ದುಬಾರಿಯಾಗಿ, ಕೆಂಪಗೆ ಹೊಳೆಯುತ್ತ, ದೂರದೇಶದಿಂದ ಬಂದಿದ್ದರೆ! ಹಾಗಾಗಿ ಮೊದಲು ಹಾರ್ಟ್‌ಫರ್ಡ್‌ನವರಂತೆ ನಿಜವಾದ ಸ್ಟ್ಯಾಟಿನ್ ನೋವಿನವರನ್ನು ಬೇರ್ಪಡಿಸಬೇಕು. ಇಲ್ಲದಿದ್ದರೆ ಇಲ್ಲದ ಕಾಯಿಲೆಗೆ ಮದ್ದು ಪರೀಕ್ಷಿಸಿದಂತಾಗುತ್ತದೆ. ಅದೇ ಬಣ್ಣ, ಅದೇ ವಾಸನೆಯ ಹುಸಿ ಕ್ಯಾಪ್ಸೂಲ್ ಬೇಕು. ಯಾರಿಗೆ ಯಾವುದೆಂದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು, ವೈದ್ಯರಿಗೂ ಗೊತ್ತಿರಬಾರದು. ನೋವಿನ ಅಂಕ ಮಾತ್ರವಲ್ಲ, ಹಿಡಿತದ ಬಲ, ಕುರ್ಚಿಯಿಂದ ಎಷ್ಟು ಸಲ ಏಳಬಲ್ಲರು, ರಕ್ತದಲ್ಲಿ ಸಿಕೆ ಎಂಬ ಸ್ನಾಯು ಕಿಣ್ವ ಎಷ್ಟಿದೆ, ಇವನ್ನೂ ಅಳೆಯಬೇಕು.

ಇನ್ನೂ ಒಂದು ವಿಷಯವಿದೆ, ಕರಪತ್ರಗಳು ಇದನ್ನು ಹೇಳುವುದಿಲ್ಲ. ಸ್ಟ್ಯಾಟಿನ್ ರಕ್ತನಾಳಗಳಿಗೆ ಮಾಡುವ ಒಳಿತಿನಲ್ಲಿ ಒಂದು ಪಾಲು ಜಿಜಿಯ ಕವಲು ಬತ್ತುವುದರಿಂದಲೇ ಬರುತ್ತದೆ, ಅದರಿಂದ ನಾಳಗಳ ಉರಿಯೂತ ತಗ್ಗುತ್ತದೆ ಎಂಬ ವಾದ ವಿಜ್ಞಾನಿಗಳಲ್ಲಿದೆ. ಆ ಮಾತು ನಿಜವಾದರೆ ಜಿಜಿ ತಿನ್ನುವವರು ಒಂದು ಕೈಯಿಂದ ಪಡೆದ ಲಾಭವನ್ನು ಇನ್ನೊಂದು ಕೈಯಿಂದ ಹಿಂದಿರುಗಿಸುತ್ತಿರಬಹುದು. ಆದ್ದರಿಂದ ಕಾಲು ನೋವು ಇಳಿಯಿತೇ ಎಂದು ಕೇಳಿ ಪರೀಕ್ಷೆ ಮುಗಿಸುವಂತಿಲ್ಲ, ಹೃದಯಕ್ಕೆ ಸಿಗಬೇಕಾದ ರಕ್ಷಣೆ ಹಾಗೇ ಉಳಿಯಿತೇ ಎಂದೂ ನೋಡಬೇಕು. ಸ್ಟ್ಯಾಟಿನ್ ನೋವಿಗೆ ಜಿಜಿ ಪರಿಹಾರವೆಂದು ಸಾವಿರಾರು ಜನರ ಮೇಲೆ ಹೀಗೆ ನಡೆಸಿ ತೋರಿಸಿದ ಪರೀಕ್ಷೆ ಈ ಲೇಖನ ಬರೆಯುವವರೆಗೂ ಬಂದಿಲ್ಲ. ಕೆಲಸ ಮಾಡುವುದಿಲ್ಲ ಎಂದೂ ಸಾಬೀತಾಗಿಲ್ಲ. ನಾಳೆ ಒಳ್ಳೆಯ ಫಲಿತಾಂಶ ಬಂದರೆ ಮೊದಲು ಸಂತೋಷಪಡುವವನು ನಾನೇ.

ಫಲಿತಾಂಶವಿಲ್ಲದೆ ಮಾರುವುದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಇಂಥ ಪೂರಕಗಳು ಔಷಧ ಕಾನೂನಿನ ಕೆಳಗಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳ ಕೆಳಗೆ ಬರುತ್ತವೆ. ರೋಗ ಗುಣಪಡಿಸುತ್ತದೆಂದು ಸಾಬೀತುಪಡಿಸಬೇಕಾಗಿಲ್ಲ, ಗುಣಪಡಿಸುತ್ತದೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಔಷಧೀಯ ಬಳಕೆಗೆ ಅಲ್ಲ ಎಂಬ ಅರ್ಥದ ಸಾಲು ಡಬ್ಬಿಯ ಮೇಲೆ ಇರಲೇಬೇಕು. ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ಹುಡುಕಿ. ಹಾಗೆಯೇ ಮೆತ್ತನೆಯ ಕ್ಯಾಪ್ಸೂಲಿನ ಕವಚ ಯಾವುದರಿಂದ ಮಾಡಿದ್ದೆಂದೂ ನೋಡಿ. ಒಳಗಿನ ಎಣ್ಣೆ ಅಪ್ಪಟ ಗಿಡದ್ದಾಗಿದ್ದರೂ ಹೊರಗಿನ ಕವಚ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲೆಟಿನ್. ಯಾವ ಪ್ರಾಣಿ ಎಂದು ಎಷ್ಟೋ ಸಲ ಬರೆದಿರುವುದಿಲ್ಲ. "ಗಿಡದ್ದು" ಎಂಬ ಒಂದೇ ಮಾತಿಗೆ ಮನಸೋತ ಮಾಮಿಗೆ ಇದನ್ನು ತೋರಿಸಿದಾಗ ಅವರು ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೊಮ್ಮೆ ಓದಿದರು.

ಗಿಡದ್ದು ಎಂದರೆ ನಿರಪಾಯ ಎಂಬ ನಂಬಿಕೆಗೆ ಇನ್ನೊಂದು ಉದಾಹರಣೆ. ಕೊಲೆಸ್ಟರಾಲಿಗೆ ನೈಸರ್ಗಿಕ ಮದ್ದು ಎಂದು ರೆಡ್ ಈಸ್ಟ್ ರೈಸ್ ಎಂಬ ಪೂರಕ ಮಾರಾಟವಾಗುತ್ತದೆ. ಇದು ನಮ್ಮ ಊಟದ ಕೆಂಪಕ್ಕಿಯಲ್ಲ, ಅನ್ನದ ಮೇಲೆ ಬೆಳೆಸಿದ ಒಂದು ಬೂಷ್ಟು. ಇದರಲ್ಲಿರುವ ಮೊನಾಕೊಲಿನ್ ಕೆ ಎಂಬ ವಸ್ತು ಲೋವಾಸ್ಟಾಟಿನ್ ಎಂಬ ಔಷಧವೇ, ಎರಡಕ್ಕೂ ರಾಸಾಯನಿಕ ವ್ಯತ್ಯಾಸವಿಲ್ಲ. ಸ್ಟ್ಯಾಟಿನ್ ಬೇಡವೆಂದು ಇದನ್ನು ತಿನ್ನುವವರು ಪ್ರಮಾಣ ಗೊತ್ತಿಲ್ಲದ ಸ್ಟ್ಯಾಟಿನ್ನನ್ನೇ ತಿನ್ನುತ್ತಿದ್ದಾರೆ. ಯುರೋಪಿನ ಒಕ್ಕೂಟ 2022ರಲ್ಲಿ ಇದರ ಪ್ರಮಾಣ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ಮಿತಿ ಹಾಕಿತು.

ಹಾಗಾದರೆ ನಿಜವಾಗಿ ನೋಯುತ್ತಿರುವವರು ಏನು ಮಾಡಬೇಕು? ಸ್ಟ್ಯಾಟಿನ್ ನೋವಿಗೆ ಒಂದು ಚಹರೆ ಇದೆ. ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಮೀನಖಂಡ, ಅಥವಾ ಎರಡೂ ಭುಜದಲ್ಲಿ ಇರುತ್ತದೆ. ಮಾತ್ರೆ ಶುರುಮಾಡಿದ ಅಥವಾ ಪ್ರಮಾಣ ಏರಿಸಿದ ಕೆಲವು ವಾರಗಳಲ್ಲಿ ಬರುತ್ತದೆ, ನಿಲ್ಲಿಸಿದ ಕೆಲವು ವಾರಗಳಲ್ಲಿ ಹೋಗುತ್ತದೆ. ಒಂದೇ ಮೊಣಕಾಲು ನೋಯುತ್ತಿದ್ದರೆ, ಸೊಂಟದಿಂದ ಕಾಲಿಗೆ ಚುರ್ರೆಂದು ಇಳಿಯುತ್ತಿದ್ದರೆ ಕಾರಣ ಬೇರೆ ಇರಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕೈಕಾಲು ಎತ್ತಲಾಗದಷ್ಟು ಸೋತರೆ ಕಾಯಬೇಡಿ, ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.

ಉಳಿದವರು ತಾವಾಗಿ ಬಿಡದೆ ವೈದ್ಯರ ಬಳಿ ಹೋಗಿ ಸಿಕೆ, ಥೈರಾಯ್ಡ್, ವಿಟಮಿನ್ ಡಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಬೇರೆ ಯಾವ ಔಷಧ ತಿನ್ನುತ್ತಿದ್ದೀರೆಂದು ಹೇಳಿ. ಕ್ಲಾರಿತ್ರೋಮೈಸಿನ್‌ನಂಥ ಆ್ಯಂಟಿಬಯಾಟಿಕ್, ಶಿಲೀಂಧ್ರದ ಸೋಂಕಿನ ಕೆಲವು ಮಾತ್ರೆಗಳು ರಕ್ತದಲ್ಲಿ ಕೆಲವು ಸ್ಟ್ಯಾಟಿನ್‌ಗಳ ಮಟ್ಟವನ್ನು ಏರಿಸಿ ಸ್ನಾಯುವಿಗೆ ಹಾನಿ ಮಾಡುತ್ತವೆ. ವೈದ್ಯರು ಒಪ್ಪಿದರೆ ಲಂಡನ್ನಿನ ಪರೀಕ್ಷೆಯನ್ನೇ ಸಣ್ಣದಾಗಿ ಮನೆಯಲ್ಲಿ ಮಾಡಬಹುದು. ಒಂದು ನೋಟ್‌ಬುಕ್ ಇಡಿ, ಪ್ರತಿ ರಾತ್ರಿ ನೋವಿಗೆ ಅಂಕ ಹಾಕಿ, ಅವರು ಹೇಳಿದಷ್ಟು ವಾರ ನಿಲ್ಲಿಸಿ, ಮತ್ತೆ ಶುರುಮಾಡಿ, ಅಂಕಗಳನ್ನು ಹೋಲಿಸಿ. ಬಾಯಿಮಾತಿನ "ನೋವು ಇದೆ"ಗಿಂತ ಆ ಪುಸ್ತಕ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಹೃದಯಾಘಾತ, ಸ್ಟೆಂಟ್ ಆದವರು ವೈದ್ಯರ ಅನುಮತಿಯಿಲ್ಲದೆ ಇದನ್ನು ಮಾಡಲೇಬಾರದು.

ನೋವು ಮಾತ್ರೆಯದ್ದೇ ಎಂದು ಖಚಿತವಾದರೂ ದಾರಿಗಳಿವೆ. ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಕೆಲವರಿಗೆ ದಿನ ಬಿಟ್ಟು ದಿನ ಸಾಕಾಗುತ್ತದೆ. ಕರುಳಿನಲ್ಲಿ ಕೊಲೆಸ್ಟರಾಲ್ ಹೀರುವಿಕೆಯನ್ನು ತಡೆಯುವ ಎಝೆಟಿಮಿಬ್ ಇದೆ. ಬೆಂಪಿಡೊಯಿಕ್ ಆಮ್ಲ ಎಂಬ ಹೊಸ ಮಾತ್ರೆ ಅದೇ ಕಾಲುವೆಯನ್ನು ತಡೆಯುತ್ತದೆ. ಆದರೆ ಅದನ್ನು ಚಾಲೂ ಮಾಡುವ ಕಿಣ್ವ ಯಕೃತ್ತಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಹಾಗಾಗಿ ಸ್ನಾಯುವಿನ ತೂಬಿಗೆ ಅದು ಕೈ ಹಾಕುವುದಿಲ್ಲ. ಸ್ಟ್ಯಾಟಿನ್ ಸಹಿಸಲಾಗದ ಸುಮಾರು 14,000 ಜನರ ಮೇಲೆ, ಹುಸಿ ಮಾತ್ರೆಯ ಜೊತೆ ಹೋಲಿಸಿ ಇದನ್ನು ಪರೀಕ್ಷಿಸಿದ್ದಾರೆ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೃದಯಾಘಾತದಂಥ ದೊಡ್ಡ ಘಟನೆಗಳು ಶೇ. 13ರಷ್ಟು ಕಡಿಮೆಯಾದವು. ಕೆಂಪು ಬೀಜದ ಎಣ್ಣೆಯೂ ಇಂಥ ಒಂದು ಪರೀಕ್ಷೆಯನ್ನು ಎದುರಿಸಿ ಬರಲಿ ಎಂಬುದಷ್ಟೇ ನನ್ನ ತಕರಾರು.

ಉಪವಾಸದ ತಿಂಗಳಲ್ಲಿ ಮಾತ್ರೆ ಹೇಗೆ ಎಂದು ಹಲವರು ಕೇಳುತ್ತಾರೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ದಿನದ ಯಾವ ಹೊತ್ತಿನಲ್ಲಾದರೂ ಸರಿ, ಇಫ್ತಾರ್ ಆದ ಮೇಲೆ ತೆಗೆದುಕೊಂಡರೆ ಆಯಿತು. ನಿಲ್ಲಿಸಲು ಅದು ಕಾರಣವಲ್ಲ.

ಮಾಮುವನ್ನು ಮರುದಿನವೇ ವೈದ್ಯರ ಬಳಿ ಕರೆದೊಯ್ದೆ. ಸಿಕೆ ಹೆಚ್ಚೇನೂ ಇರಲಿಲ್ಲ, ಥೈರಾಯ್ಡ್ ಮಾತ್ರ ಕೆಟ್ಟಿತ್ತು. ಥೈರಾಯ್ಡ್ ಸ್ರವಿಕೆ ಕಡಿಮೆಯಾದರೆ ಕೊಲೆಸ್ಟರಾಲ್ ಏರುತ್ತದೆ, ಸ್ನಾಯುಗಳೂ ನೋಯುತ್ತವೆ, ಅದರ ಮೇಲೆ ಸ್ಟ್ಯಾಟಿನ್ ಬಿದ್ದರೆ ನೋವು ಇನ್ನೂ ಹೆಚ್ಚು. ಅದಕ್ಕೆ ಮಾತ್ರೆ ಶುರುವಾಯಿತು. ಅದು ಹತೋಟಿಗೆ ಬರುವವರೆಗೆ ಎಝೆಟಿಮಿಬ್, ಆಮೇಲೆ ಕಡಿಮೆ ಪ್ರಮಾಣದ ರೋಸುವಾಸ್ಟಾಟಿನ್. ಮಾಮಿ ಒಂದು ಹಳೆಯ ಡೈರಿಯಲ್ಲಿ ದಿನಾ ಅಂಕ ಬರೆದರು. ಮೊದಲ ವಾರಗಳಲ್ಲಿ ನಲವತ್ತು, ಮೂವತ್ತೈದು. ಈಗ ಹತ್ತರ ಆಸುಪಾಸು, ಮಳೆ ಬಂದ ದಿನ ಹದಿನೈದು. ಕುರ್ಚಿಯನ್ನು ಮಸೀದಿಯಲ್ಲಿ ಬೇರೆಯವರು ಬಳಸುತ್ತಿದ್ದಾರೆ.

ಕೆಂಪು ಕ್ಯಾಪ್ಸೂಲಿನ ಬಾಟಲಿ ಇನ್ನೂ ಫ್ರಿಜ್ಜಿನಲ್ಲಿದೆ, ಬೆಣ್ಣೆಯ ಪಕ್ಕದಲ್ಲೇ. ಹೋದ ತಿಂಗಳು ಹೋದಾಗ ಮಾಮು ಅದನ್ನು ತೋರಿಸಿ, "ಬೇಟಾ, ಆ ಪರೀಕ್ಷೆ ಮುಗಿದರೆ ನನಗೊಂದು ಫೋನ್ ಮಾಡು" ಎಂದರು.